ಜಾತ್ರೆ, ಉರುಸಿನ ವೇದಿಕೆಗೆ ರಾಜಕಾರಣಿ ಬೇಡವೇ?

ಪರ: ಮೈಕ್ ಕೊಡಲೇಬೇಡಿ

ಹೋಳಿ ಕಳೆದ ಮೇಲೆ ಬೀದರ್ ಪಕ್ಕದ ಅಷ್ಟೂರಿನಲ್ಲಿ ಉರುಸು. ಅಲ್ಲಿರುವ ಗೋರಿ, ಬಹಮನಿ ಸುಲ್ತಾನನಾಗಿದ್ದ ಅಹ್ಮದ್ ಶಾ ವಲಿಯದು. ಆತ ತೀರಿಕೊಂಡದ್ದು 1436ರಲ್ಲಿ. ಆದರೆ ಉರುಸು ಶುರುವಾಗಬೇಕಾದರೆ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಬರಬೇಕು. ಶಂಖ ಊದುತ್ತಾರೆ, ಕಾಯಿ ಒಡೆಯುತ್ತಾರೆ. ನಮ್ಮ ಹಿಂದೂಗಳಿಗೆ ಆ ಸುಲ್ತಾನ ಅಲ್ಲಮಪ್ರಭುವಿನ ಅವತಾರ. ಯಾವ ಸರ್ಕಾರವೂ ಹೇಳಿ ಮಾಡಿಸಿದ್ದಲ್ಲ ಇದು.

ನಾನು ಸೋಮವಾರ ಶರಣಬಸವೇಶ್ವರ ಗುಡಿಗೆ ಹೋಗದೆ ಊಟ ಮಾಡುವವನಲ್ಲ. ಮೊಹರಂ ಬಂದರೆ ನಮ್ಮ ಮನೆಯಿಂದ ಪೀರಲ ದೇವರಿಗೆ ಚೊಂಗೆ ಅನ್ನುವ ಸಿಹಿ ಹೋಗುತ್ತದೆ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ನಮ್ಮಜ್ಜಿ ಕಳಿಸುತ್ತಿದ್ದಳು, ನಾವೂ ಕಳಿಸುತ್ತೇವೆ.

ಊರಲ್ಲಿ ಮೊಹರಂಗೆ ತೋಡುವ ಬೆಂಕಿ ಗುಂಡಿ, ಅಂದರೆ ಅಲಾಯಿ ಕುಣಿಗೆ, ಮೊದಲ ಗುದ್ದಲಿ ನಮ್ಮ ಕಾಕಾನದು. ಕೆಲವು ವರ್ಷದ ಹಿಂದೆ ಮೊಹರಂನ ಕತ್ತಲ್ ರಾತ್ರಿಗೆ ಒಬ್ಬ ರಾಜಕೀಯ ಮುಖಂಡರನ್ನು ಕರೆದರು. ಶಾಲು, ಹಾರ ಎಲ್ಲ ಆಯಿತು. ಐದು ನಿಮಿಷ ಅಂದವರು ಮುಕ್ಕಾಲು ತಾಸು ಮಾತಾಡಿದರು. ಕೆಟ್ಟದ್ದೇನೂ ಅನ್ನಲಿಲ್ಲ. ‘ನಿಮ್ಮ ಹಬ್ಬಕ್ಕೆ ನಮ್ಮವರೂ ಬಂದಾರ’ ಅಂದರು, ಅಷ್ಟೇ. ಹಲಗೆಯವನ ಪಕ್ಕ ನಿಂತಿದ್ದ ಕಾಕಾ ಮೆಲ್ಲಗೆ ಕೇಳಿದ: ‘ಈಗ ನಾ ಯಾರಾಂವಪಾ?’

ಮರುವರ್ಷ ಅವರ ಎದುರಾಳಿ ಬಂದರು. ಬ್ಯಾನರ್ ಎರಡಾದವು. ಈಗ ಕಾಕಾ ಗುದ್ದಲಿ ಬೇರೆಯವರ ಕೈಗೆ ಕೊಟ್ಟು ಮನೆಯಲ್ಲೇ ಇರುತ್ತಾನೆ. ಕೇಳಿದರೆ ಮೊಣಕಾಲು ನೋವು ಅನ್ನುತ್ತಾನೆ.

ಗುಡಿ, ದರ್ಗಾಗಳಲ್ಲಿ, ಅವುಗಳ ಹಬ್ಬಗಳಲ್ಲಿ ರಾಜಕೀಯ ನಡೆಸಬಾರದು ಅಂತ 1988ರ ಕಾನೂನೇ ಇದೆ. ಧರ್ಮದ ಹೆಸರಲ್ಲಿ ವೋಟು ಕೇಳುವಂತಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹಾಗಾದರೆ ರಸ್ತೆ, ನೀರು ಯಾರು ಕೊಡಿಸುತ್ತಾರೆ ಅಂತ ಕೆಲವರ ಪ್ರಶ್ನೆ. ರಸ್ತೆ ಹಾಕಿದ ಕಾಂಟ್ರಾಕ್ಟರನ್ನೂ ಪಲ್ಲಕ್ಕಿಯಲ್ಲಿ ಕೂರಿಸೋಣವಾ?

ವಿರೋಧ: ಬಂದರೆ ಬರಲಿ ಬಿಡಿ

ಈ ಕಡೆ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಭಾಷಣ ಅಂದರೆ ನನಗೂ ಆಕಳಿಕೆಯೇ. ಆದರೆ ಧರ್ಮ ಬೇರೆ, ರಾಜಕೀಯ ಬೇರೆ ಅನ್ನುವ ಮಾತು ನಮ್ಮ ನೆಲದಲ್ಲಿ ಯಾವತ್ತು ನಡೆದಿದೆ? ಕಲ್ಯಾಣದಲ್ಲಿ ಬಸವಣ್ಣ ಬಿಜ್ಜಳನ ಭಂಡಾರಿಯಾಗಿದ್ದ. ಅಹ್ಮದ್ ಶಾ ಸುಲ್ತಾನನೇ ಅಲ್ವಾ? ಆಳುವವರು ಬೇಡವೇ ಬೇಡ ಅಂದಿದ್ದರೆ ಅಷ್ಟೂರಿನಲ್ಲಿ ಉರುಸೇ ಇರುತ್ತಿರಲಿಲ್ಲ. ಮುಖಂಡರು ಬಂದು ಕೂತರೆ ಅಲ್ಲಮ ಎದ್ದು ಹೋಗುತ್ತಾನಾ?

ಇನ್ನು ಅನುಕೂಲದ ಮಾತು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಬೇರೆ ಮಂಡಳಿ, ಬೇರೆ ಹಣ ಇದೆ. ಅದು ಸುಮ್ನೆ ಕೂತರೆ ನಮ್ಮ ಊರಿಗೆ ಬರುವುದಿಲ್ಲ, ಬೆನ್ನು ಹತ್ತುವವರು ಬೇಕು. ನಾನು ಹೋಗಿದ್ದ ಒಂದು ಜಾತ್ರೆಯಲ್ಲಿ ಮಧ್ಯಾಹ್ನಕ್ಕೇ ಕುಡಿಯುವ ನೀರು ಮುಗಿಯಿತು. ಬಿಸಿಲು ನಿಮಗೆ ಗೊತ್ತೇ ಇದೆ. ಸಮಿತಿಯವರು ಫೋನ್ ಮಾಡಿದ್ದು ಒಬ್ಬ ಮಾಜಿ ಸದಸ್ಯರಿಗೆ. ತಾಸಿನೊಳಗೆ ಎರಡು ಟ್ಯಾಂಕರ್ ಬಂದವು. ಸಂಜೆ ಅವರಿಗೆ ಶಾಲು ಹೊದಿಸಿದರು. ತಪ್ಪೇನು? ಅವರು ಮಾತಾಡಿದ್ದು ಎರಡೇ ಮಾತು. ಜೊತೆಗೆ ಬಂದವರು ಮಾತ್ರ ಮೈಕ್ ಬಿಡಲಿಲ್ಲ. ತೇರು ಎಳೆಯುವುದು ಒಂದು ತಾಸು ತಡವಾಯಿತು. ಅದು ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿ.