ತಿರುವಿನ ನಡುವೆ ಕಾಲು ಎತ್ತಬೇಡಿ

ಹೋದ ವಾರ ಸರಸ್ವತಿಪುರಂನಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದೆ. ಪರಿಚಯದ ಹುಡುಗನೊಬ್ಬ ಓಡಿ ಬಂದು ಖುಷಿಯಿಂದ ಹೇಳಿದ. "ಅಣ್ಣಾ, ನಾನೂ ಕೇಮನ್ ತಗೊಂಡೆ. ಸೆಕೆಂಡ್ ಹ್ಯಾಂಡು, ಆದ್ರೆ ಸಖತ್ತಾಗಿದೆ. ಮುಂದಿನ ತಿಂಗಳು ಟ್ರ್ಯಾಕ್ ಡೇಗೆ ಹೋಗ್ತೀನಿ. ಮಿಡ್ ಎಂಜಿನ್ ಅಲ್ವಾ, ಬ್ಯಾಲೆನ್ಸ್ ಚೆನ್ನಾಗಿರುತ್ತೆ. ಪಿಎಸ್‌ಎಂ ಆಫ್ ಮಾಡ್ಕೊಂಡೇ ಓಡಿಸ್ತೀನಿ."

ಕೇಮನ್ ಅಂದರೆ ಪೋರ್ಷೆ ಕಂಪನಿಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಮಿಡ್ ಎಂಜಿನ್ ಅಂದರೆ ಎಂಜಿನ್ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇರುವುದು. ಪಿಎಸ್‌ಎಂ ಅಂದರೆ ಕಾರು ಜಾರಿದಾಗ ತಾನೇ ಬ್ರೇಕ್ ಹಾಕಿ, ಶಕ್ತಿ ಕಡಿಮೆ ಮಾಡಿ ಸರಿಪಡಿಸುವ ವ್ಯವಸ್ಥೆ. ಟ್ರ್ಯಾಕ್ ಡೇ ಅಂದರೆ ನಮ್ಮ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನ. ಅಲ್ಲಿನ ಗಲಾಟೆಯಲ್ಲಿ ಎಲ್ಲ ವಿವರಿಸಲು ಆಗಲಿಲ್ಲ. ಆದರೆ ಅವನ ಮಾತು ತಲೆಯಿಂದ ಹೋಗಿಲ್ಲ. ಎರಡು ವರ್ಷದ ಹಿಂದೆ ನಾನೂ ಇದನ್ನೇ ಹೇಳಿದ್ದೆ. ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ. ಮೈಸೂರಿನಲ್ಲಿ ಈಗ ಇಂಥ ಕಾರು ಕೊಳ್ಳುವವರು ಅವನೊಬ್ಬನೇ ಅಲ್ಲ.

ಬ್ಯಾಲೆನ್ಸ್ ಚೆನ್ನಾಗಿರುತ್ತದೆ ಅನ್ನುವುದು ನಿಜ. ಹಾಗಾಗಿ ಓಡಿಸುವುದು ಸುಲಭ ಅನ್ನುವುದು ಸುಳ್ಳು.

ನಾನು ಆರು ವರ್ಷ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಓಡಿಸಿದವನು. 230 ಹಾರ್ಸ್‌ಪವರ್. ಎಂಜಿನ್ ಮುಂದೆ, ಶಕ್ತಿ ಹೋಗುವುದೂ ಮುಂದಿನ ಚಕ್ರಕ್ಕೆ. ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇಗೆ ಅದರಲ್ಲೇ ಹೋಗುತ್ತಿದ್ದೆ. ಚಾಮರಾಜನಗರ ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು, ಸತ್ಯಮಂಗಲದ ಮೇಲೆ ಹೋಗುವ ದಾರಿ. ಆ ಕಾರು ನನ್ನ ಬಲಗಾಲಿಗೆ ಒಂದು ಅಭ್ಯಾಸ ಹಿಡಿಸಿತ್ತು. ತಿರುವಿಗೆ ಜಾಸ್ತಿ ವೇಗದಲ್ಲಿ ನುಗ್ಗಿದರೆ ಕಾರಿನ ಮೂತಿ ಹೊರಗೆ ಜಾರುತ್ತದೆ. ಆಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು. ಭಾರ ಮುಂದಕ್ಕೆ ಬರುತ್ತದೆ, ಮುಂದಿನ ಟೈರ್ ಮತ್ತೆ ರಸ್ತೆ ಹಿಡಿಯುತ್ತದೆ, ಮೂತಿ ಒಳಗೆ ತಿರುಗುತ್ತದೆ. ನೂರು ಸಲ ಹೀಗೆ ಬಚಾವಾಗಿದ್ದೆ. ಆಮೇಲೆ ಅದು ಯೋಚನೆ ಮಾಡಿ ಮಾಡುವ ಕೆಲಸವಾಗಿ ಉಳಿಯಲಿಲ್ಲ. ಧೂಳು ಹಾರಿದರೆ ರೆಪ್ಪೆ ಮುಚ್ಚುತ್ತದಲ್ಲ, ಹಾಗೆ. ಹೆದರಿಕೆ ಆಯಿತೋ, ಕಾಲು ಮೇಲೆ.

ಆ ಕಾಲನ್ನೇ ತೆಗೆದುಕೊಂಡು ಹೋಗಿ 718 ಕೇಮನ್‌ನಲ್ಲಿ ಕೂತೆ. ಎಂಜಿನ್ ನಮ್ಮ ಬೆನ್ನ ಹಿಂದೆ, ಹಿಂದಿನ ಚಕ್ರಗಳಿಗಿಂತ ಸ್ವಲ್ಪ ಮುಂದೆ. ಎರಡು ಲೀಟರ್ ಟರ್ಬೊ, 300 ಹಾರ್ಸ್‌ಪವರ್. ಮುಂದೊಂದು ಡಿಕ್ಕಿ, ಹಿಂದೊಂದು ಡಿಕ್ಕಿ. ತೂಕದಲ್ಲಿ ಸುಮಾರು ಶೇಕಡ 45 ಮುಂದೆ, 55 ಹಿಂದೆ.

ಮೊದಲ ಟ್ರ್ಯಾಕ್ ಡೇ ಶ್ರೀಪೆರಂಬದೂರು ಹತ್ತಿರದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ. 3.7 ಕಿಲೋಮೀಟರ್, 12 ತಿರುವು. ಬೆಳಗಿನ ಎರಡು ಸೆಷನ್ ಚೆನ್ನಾಗಿಯೇ ಹೋಯಿತು. ಮಧ್ಯಾಹ್ನ ಧೈರ್ಯ ಬಂತು. ಪಿಎಸ್‌ಎಂ ಆಫ್ ಮಾಡಿದೆ. ಒಂದು ತಿರುವಿಗೆ ಸ್ವಲ್ಪ ಜಾಸ್ತಿ ವೇಗದಲ್ಲಿ ಬಂದೆ. ಮೂತಿ ಹೊರಗೆ ಹೋಗುತ್ತಿದೆ ಅನ್ನಿಸಿತು. ಕಾಲು ತಾನಾಗಿ ಎದ್ದಿತು.

ಸೊಂಟದ ಹತ್ತಿರ ಏನೋ ಸಡಿಲವಾದ ಹಾಗಾಯಿತು. ಸ್ಟೀರಿಂಗ್ ಎದುರು ಕಡೆ ತಿರುಗಿಸುವಷ್ಟರಲ್ಲಿ ನಾನು ಬಂದ ದಾರಿಯೇ ಕಣ್ಣೆದುರಿಗಿತ್ತು. ಕಾರು ಹುಲ್ಲಿನ ಮೇಲೆ ಹೋಗಿ ನಿಂತಿತು. ಅಕ್ಕಪಕ್ಕ ಬೇರೆ ಕಾರು ಇರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೆ ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಪಿಟ್‌ಗೆ ಬಂದ ಮೇಲೆ ಕೋಚ್ ವಿಡಿಯೋ ನೋಡಿದರು. "ಸರ್, ನೀವು ಜಾಸ್ತಿ ಒತ್ತಿದ್ದಕ್ಕೆ ತಿರುಗಿದ್ದಲ್ಲ. ಬಿಟ್ಟಿದ್ದಕ್ಕೆ ತಿರುಗಿದ್ದು" ಅಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೋ ಮಂಡ್ಯ ಪಕ್ಕದ ನಮ್ಮೂರಿನ ಕಬ್ಬಿನ ಗಾಡಿ ನೆನಪಾಯಿತು. ಫ್ಯಾಕ್ಟರಿಗೆ ಹೊರಡುವ ಮುಂಚೆ ದೊಡ್ಡಪ್ಪ ಮೂಕಿ ಹಿಡಿದು ಎತ್ತಿ ನೋಡುತ್ತಿದ್ದರು. ಮುಂಬಾರ ಆದರೆ ನೊಗ ಎತ್ತಿನ ಹೆಗಲ ಮೇಲೆ ಕೂತುಬಿಡುತ್ತದೆ. ಹಿಂಬಾರ ಆದರೆ ಮೂಕಿ ಮೇಲೇಳುತ್ತದೆ, ಕೊರಳ ಹಗ್ಗ ಎತ್ತಿನ ಗಂಟಲಿಗೆ ಬಿಗಿಯುತ್ತದೆ. "ಹಿಂಬಾರ ಆಗೈತೆ ಕಣ್ಲಾ, ಇನ್ನೆರಡು ಹೊರೆ ಮುಂದಕ್ಕಾಕು" ಅನ್ನುತ್ತಿದ್ದರು. ಬರೀ ಎರಡು ಹೊರೆ. ಅಷ್ಟಕ್ಕೇ ಇಡೀ ಗಾಡಿಯ ನಡತೆ ಬದಲಾಗುತ್ತಿತ್ತು.

ಕಾರಿನಲ್ಲಿ ಆ ಎರಡು ಹೊರೆಯನ್ನು ಮುಂದಕ್ಕೂ ಹಿಂದಕ್ಕೂ ಎಳೆಯುವುದು ನಮ್ಮ ಬಲಗಾಲು. ಬ್ರೇಕ್ ಒತ್ತಿದರೆ ಮುಂಬಾರ. ಆಕ್ಸಿಲರೇಟರ್ ಒತ್ತಿದರೆ ಹಿಂಬಾರ. ಆಕ್ಸಿಲರೇಟರ್ ಬಿಟ್ಟರೂ ಮುಂಬಾರವೇ. ತಿರುವಿನ ನಡುವೆ ಎಂಜಿನ್ನಿನ ಭಾರ ಹಿಂಭಾಗವನ್ನು ಹೊರಗೆ ಎಳೆಯುತ್ತಿರುತ್ತದೆ. ಅದನ್ನು ತಡೆದು ಹಿಡಿದಿರುವುದು ಹಿಂದಿನ ಎರಡು ಟೈರ್. ಸರಿಯಾಗಿ ಆ ಹೊತ್ತಿಗೆ ನಾವು ಕಾಲು ಎತ್ತಿದರೆ ಆ ಟೈರ್‌ಗಳ ಮೇಲಿನ ಒತ್ತಡ ಕಡಿಮೆ ಆಗುತ್ತದೆ. ಮುಂದಿನ ಟೈರ್ ಗಟ್ಟಿಯಾಗಿ ಹಿಡಿಯುತ್ತದೆ, ಹಿಂದಿನದು ಬಿಟ್ಟುಕೊಡುತ್ತದೆ. ಆಕ್ಟೇವಿಯಾದಲ್ಲಿ ನನ್ನನ್ನು ಉಳಿಸುತ್ತಿದ್ದದ್ದೇ ಇಲ್ಲಿ ನನ್ನನ್ನು ತಿರುಗಿಸಿತು.

ತಿರುಗುವ ವೇಗಕ್ಕೆ ಇನ್ನೊಂದು ಕಾರಣ ಇದೆ. ಬಿದಿರು ಗಳದ ಎರಡು ತುದಿಗೆ ತುಂಬಿದ ಕೊಡ ಕಟ್ಟಿ, ಹೆಗಲ ಮೇಲಿಟ್ಟು ತಿರುಗಿ ನೋಡಿ. ನಿಧಾನಕ್ಕೆ ತಿರುಗುತ್ತದೆ. ಅದೇ ಕೊಡಗಳನ್ನು ಹೆಗಲ ಹತ್ತಿರಕ್ಕೆ ತಂದರೆ ಸರಕ್ಕನೆ ತಿರುಗುತ್ತದೆ. ಮಿಡ್ ಎಂಜಿನ್ ಕಾರು ಈ ಎರಡನೆಯದರ ಹಾಗೆ. ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ಒಳಗೆ ಬರುತ್ತದೆ. ಆ ಸುಖವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಆದರೆ ಕೆಟ್ಟ ತಿರುಗುವಿಕೆಯೂ ಅಷ್ಟೇ ಬೇಗ. ಎಚ್ಚರಿಕೆ ಸಿಕ್ಕಿ, ಯೋಚನೆ ಮಾಡಿ, ಆಮೇಲೆ ಸರಿಪಡಿಸುವಷ್ಟು ಸಮಯ ಇರುವುದಿಲ್ಲ.

ಮರುದಿನ ಕೋಚ್ ಪಕ್ಕದಲ್ಲಿ ಕೂತು ನನಗೆ ಕಲಿಸಿದ್ದು ವೇಗವನ್ನಲ್ಲ, ಬ್ರೇಕ್ ಬಿಡುವುದನ್ನು. ಒತ್ತುವುದನ್ನಲ್ಲ, ಬಿಡುವುದನ್ನು! ಮೊದಲು ಇದು ನನಗೆ ವಿಚಿತ್ರ ಅನ್ನಿಸಿತ್ತು. ಈ ಕಾರಿನ ಮುಂಭಾಗ ಹಗುರ. ನೇರ ದಾರಿಯಲ್ಲೇ ಗಟ್ಟಿಯಾಗಿ ಬ್ರೇಕ್ ಒತ್ತಿ ಭಾರವನ್ನು ಮುಂದಕ್ಕೆ ತರಬೇಕು. ಸ್ಟೀರಿಂಗ್ ತಿರುಗಿಸಲು ಶುರು ಮಾಡಿದಾಗ ಬ್ರೇಕನ್ನು ಪಟ್ಟನೆ ಬಿಟ್ಟರೆ ಮೂತಿ ಮೇಲೇಳುತ್ತದೆ, ಮುಂದಿನ ಟೈರ್ ಕಚ್ಚುವುದಿಲ್ಲ, ಕಾರು ನೇರ ಹೋಗುತ್ತದೆ. ಆಗ ಹೆದರಿಕೆ. ಹೆದರಿಕೆಗೆ ಕಾಲು ಎತ್ತುವುದು. ಆಮೇಲೆ ಸ್ಪಿನ್. ನನ್ನ ತಪ್ಪು ತಿರುವಿನ ನಡುವೆ ಆದದ್ದಲ್ಲ, ಅದಕ್ಕೆ ಮುಂಚೆ ಬ್ರೇಕ್ ಬಿಟ್ಟ ರೀತಿಯಲ್ಲೇ ಶುರುವಾಗಿತ್ತು.

ನಿದ್ದೆ ಹೋದ ಮಗುವಿನ ತಲೆಯ ಕೆಳಗಿನಿಂದ ಕೈ ತೆಗೆಯುತ್ತೀವಲ್ಲ, ಅಷ್ಟು ನಿಧಾನಕ್ಕೆ ಬ್ರೇಕ್ ಬಿಡಬೇಕು. ಸ್ಟೀರಿಂಗ್ ಎಷ್ಟು ತಿರುಗುತ್ತದೋ ಅಷ್ಟಷ್ಟೇ ಬ್ರೇಕ್ ಕಡಿಮೆ ಆಗಬೇಕು. ಬ್ರೇಕ್ ಪೂರ್ತಿ ಬಿಟ್ಟ ಮೇಲೆ ಆಕ್ಸಿಲರೇಟರ್ ಮೇಲೆ ಸಣ್ಣಗೆ ಕಾಲಿಡಬೇಕು. ವೇಗ ಹೆಚ್ಚಿಸಲು ಅಲ್ಲ, ಹಿಂದಿನ ಟೈರ್ ಮೇಲೆ ಭಾರ ಉಳಿಯಲಿ ಅಂತ. ತಿರುವಿನ ಕೊನೆ ಕಂಡಾಗ, ಸ್ಟೀರಿಂಗ್ ನೇರ ಆದಷ್ಟು ಆಕ್ಸಿಲರೇಟರ್ ಒತ್ತುತ್ತಾ ಹೋಗಬೇಕು. ಇಷ್ಟೇ. ಬರೆದರೆ ನಾಲ್ಕು ಸಾಲು. ಕಾಲಿಗೆ ಹತ್ತಲು ನನಗೆ ಐದು ಟ್ರ್ಯಾಕ್ ಡೇ ಬೇಕಾಯಿತು.

ಹಿಂಭಾಗ ಜಾರಿಯೇ ಬಿಟ್ಟರೆ ಹೋಗಬೇಕಾದ ಕಡೆ ನೋಡಿ, ಸ್ಟೀರಿಂಗ್ ಅದೇ ಕಡೆ ಬೇಗ ತಿರುಗಿಸಿ ಬೇಗ ವಾಪಸ್ ತನ್ನಿ. ವಾಪಸ್ ತರುವುದು ತಡವಾದರೆ ಕಾರು ಇನ್ನೊಂದು ಕಡೆಗೆ ಎಸೆಯುತ್ತದೆ. ಕೈ ಮೀರಿತು ಅನ್ನಿಸಿದರೆ ಪೂರ್ತಿ ಬ್ರೇಕ್ ಒತ್ತಿ, ನಿಲ್ಲುವವರೆಗೂ ಬಿಡಬೇಡಿ. ಮ್ಯಾನ್ಯುವಲ್ ಕಾರಾದರೆ ಕ್ಲಚ್ಚನ್ನೂ ಒತ್ತಿ.

ಈಗ ಪಿಎಸ್‌ಎಂ ವಿಷಯ. ಅದನ್ನು ಆಫ್ ಮಾಡುವುದೇ ಶೂರತನ ಅನ್ನುವ ಮಾತು ನಮ್ಮ ಹುಡುಗರಲ್ಲಿ ಜಾಸ್ತಿ ಆಗಿದೆ. ನನಗೆ ಇದು ಸ್ವಲ್ಪವೂ ಒಪ್ಪಿಗೆ ಇಲ್ಲ. ಅದು ಕೆಲಸ ಮಾಡಿದಾಗಲೆಲ್ಲ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿನುಗುತ್ತದೆ. ಆ ದೀಪವೇ ಒಬ್ಬ ಮೇಷ್ಟ್ರು. ಯಾವ ತಿರುವಿನಲ್ಲಿ ಮಿನುಗಿತು, ಆಗ ನನ್ನ ಕಾಲು ಎಲ್ಲಿತ್ತು ಅಂತ ಸೆಷನ್ ಮುಗಿದ ಮೇಲೆ ಬರೆದಿಡುತ್ತಿದ್ದೆ. ಅದೇ ವೇಗದಲ್ಲಿ ದೀಪ ಮಿನುಗದ ಹಾಗೆ ಓಡಿಸಲು ಬಂದ ಮೇಲಷ್ಟೇ, ಕಾರನ್ನು ಸ್ವಲ್ಪ ಜಾರಲು ಬಿಡುವ ಪಿಎಸ್‌ಎಂ ಸ್ಪೋರ್ಟ್ ಹಾಕಿದೆ. ಪೂರ್ತಿ ಆಫ್ ಮಾಡಿಕೊಂಡು ನಾನು ಈಗಲೂ ಓಡಿಸುವುದಿಲ್ಲ. ಅದರಿಂದ ನನ್ನ ಖುಷಿ ಕಡಿಮೆ ಆಗಿಲ್ಲ.

ಎಂಜಿನ್ ಹಿಂದಿಡುವ ಈ ಜಗಳ ಹಳೆಯದು. ಎತ್ತು ಗಾಡಿಯನ್ನು ಎಳೆಯಬೇಕೇ ಹೊರತು ತಳ್ಳಬಾರದು ಅನ್ನುವ ಅರ್ಥದಲ್ಲಿ ಫೆರಾರಿ ಕಂಪನಿ ಕಟ್ಟಿದ ಎಂಜೋ ಫೆರಾರಿ ಹೇಳಿದ್ದರು ಎನ್ನುತ್ತಾರೆ. ನಮ್ಮ ದೊಡ್ಡಪ್ಪ ಕೇಳಿದ್ದರೆ ಹೌದು ಅನ್ನುತ್ತಿದ್ದರೇನೋ. ಆದರೆ 1958ರಲ್ಲಿ ಅರ್ಜೆಂಟೀನಾದ ಫಾರ್ಮುಲಾ ಒನ್ ರೇಸಿನಲ್ಲಿ ಬ್ರಿಟನ್ನಿನ ಸ್ಟರ್ಲಿಂಗ್ ಮಾಸ್ ಎಂಜಿನ್ ಹಿಂದಿದ್ದ ಪುಟ್ಟ ಕೂಪರ್ ಕಾರಿನಲ್ಲಿ ಗೆದ್ದರು. 1961ರಲ್ಲಿ ಫೆರಾರಿಯೇ ಅಂಥ ಕಾರಿನಲ್ಲಿ ಚಾಂಪಿಯನ್ ಆಯಿತು.

ಇದು ದುಡ್ಡಿರುವವರಿಗೆ ಮಾತ್ರ ಸಿಗುವ ಪಾಠವೂ ಅಲ್ಲ. ರೇಸ್ ಕಾರು ಕಟ್ಟುತ್ತಿದ್ದ ಎಸ್. ಕರಿವರ್ಧನ್ ಅವರು ಮಾರುತಿ 800ರ ಎಂಜಿನ್ ತೆಗೆದು ಚಾಲಕನ ಬೆನ್ನ ಹಿಂದಿಟ್ಟು ಫಾರ್ಮುಲಾ ಮಾರುತಿ ಅನ್ನುವ ಒಂದೇ ಸೀಟಿನ ರೇಸ್ ಕಾರು ಕಟ್ಟಿದರು. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್ ರೇಸ್ ಶುರು ಮಾಡಿದ್ದು ಅಂಥ ಕಾರಿನಲ್ಲೇ. ಕೊಯಮತ್ತೂರಿನ ಟ್ರ್ಯಾಕ್‌ಗೆ ಕರಿವರ್ಧನ್ ಅವರದೇ ಹೆಸರು. ಕಡಿಮೆ ಶಕ್ತಿಯ ಫಾರ್ಮುಲಾ ಕಾರಿನಲ್ಲಿ ತರಬೇತಿ ಸಿಕ್ಕರೆ ಬಿಡಬೇಡಿ. ಕಮ್ಮಿ ವೇಗದಲ್ಲೇ ಈ ಪಾಠ ಪೂರ್ತಿ ಸಿಗುತ್ತದೆ.

ರಿಂಗ್ ರೋಡಿನಲ್ಲಿ ರಾತ್ರಿ ಪ್ರಾಕ್ಟೀಸ್ ಮಾಡುತ್ತೇನೆ, ಚಾಮುಂಡಿ ಬೆಟ್ಟದ ತಿರುವಿನಲ್ಲಿ ಕಲಿಯುತ್ತೇನೆ ಅನ್ನುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಬೆಟ್ಟದಲ್ಲಿ ನಡೆಯುವವರು, ಸೈಕಲ್ಲಿನವರು ಇರುತ್ತಾರೆ. ಅಲ್ಲಿ ಕಾರು ತಿರುಗಿದರೆ ನಿಲ್ಲಲು ಹುಲ್ಲಿಲ್ಲ. ಬೆಂಗಳೂರು ಹೆದ್ದಾರಿಯಂತೂ ಮದ್ದೂರಿನ ಆಚೆಗೂ ಈಚೆಗೂ ನೇರ. 100ರ ಮಿತಿ ಮೀರಿದರೆ ದಂಡ ಬರುತ್ತದೆ, ಕಲಿಕೆ ಬರುವುದಿಲ್ಲ.

ಕಳೆದ ತಿಂಗಳು ಮತ್ತೆ ಅದೇ ತಿರುವಿಗೆ ಹೋಗಿದ್ದೆ. ಒಂದು ಸಲ ಮೂತಿ ಸ್ವಲ್ಪ ಹೊರಗೆ ಸರಿಯಿತು. ಎದೆ ಧಸಕ್ ಅಂದಿತು. ಕಾಲು ಇದ್ದಲ್ಲೇ ಇತ್ತು. ಸ್ಟೀರಿಂಗ್ ಒಂದು ಬೆರಳಷ್ಟು ಸಡಿಲ ಬಿಟ್ಟೆ, ಟೈರ್ ಮತ್ತೆ ಕಚ್ಚಿತು, ಕಾರು ತನ್ನ ದಾರಿಗೆ ಬಂತು. ಹೊರಗಿನಿಂದ ನೋಡಿದವರಿಗೆ ಏನೂ ಆಗಿದ್ದೇ ಗೊತ್ತಾಗಿರುವುದಿಲ್ಲ. ಹೆಲ್ಮೆಟ್ ಒಳಗೆ ನನ್ನ ಕಣ್ಣು ತುಂಬಿತ್ತು.

ಸರಸ್ವತಿಪುರಂ ಹುಡುಗನಿಗೆ: ತಮ್ಮಾ, ಮೊದಲ ಸಲ ನೀನೊಬ್ಬನೇ ಹೋಗಬೇಡ, ನಾನೂ ಬರ್ತೀನಿ. ಹೊರಡುವ ಮುಂಚೆ ಹಿಂದಿನ ಎರಡು ಟೈರ್‌ನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ನೋಡು. ಮೊದಲೆರಡು ವಾರ, ಕೊನೆಯೆರಡು ವರ್ಷ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಟೈರ್ ನೋಡಲು ದಪ್ಪಗಿದ್ದರೂ ರಬ್ಬರ್ ಹಳೆಯದಾಗಿ ಗಟ್ಟಿಯಾಗಿರಬಹುದು. ಹಾಗಿದ್ದರೆ ಮೊದಲು ಟೈರ್ ಬದಲಾಯಿಸು. ಟ್ರ್ಯಾಕ್ ಡೇ ಒಂದು ತಿಂಗಳು ತಡವಾದರೂ ಪರವಾಗಿಲ್ಲ.