ಹೆಸರು ಬಾಡಿಗೆಗೆ ಇದೆ

ಒಳ್ಳೆಯ ಅಭ್ಯರ್ಥಿ ಸಿಗಲ್ಲ ಅಂತ ನಮ್ಮ ಪಕ್ಷಗಳು ಐದು ವರ್ಷವೂ ಗೋಳಾಡುತ್ತವೆ. ಆದರೆ ಮತದಾರರನ್ನು ಗೊಂದಲಕ್ಕೆ ಕೆಡವೋಕೆ ಎದುರಾಳಿಯ ಹೆಸರಿನವರು ಬೇಕು ಅನ್ನಿ, ನಾಮಪತ್ರದ ಕೊನೇ ದಿನದೊಳಗೆ ಸಾಲಾಗಿ ಬಂದು ನಿಂತಿರುತ್ತಾರೆ.

2019ರ ಲೋಕಸಭಾ ಚುನಾವಣೆಗೆ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಪಕ್ಷೇತರರಾಗಿ ನಿಂತರು. ಅದೇ ಹೊತ್ತಿಗೆ ಸರಿಯಾಗಿ ಇನ್ನೂ ಮೂವರು ಸುಮಲತಾರಿಗೆ ಜನಸೇವೆಯ ಹಂಬಲ ಉಕ್ಕಿತು. ಮತಯಂತ್ರದಲ್ಲಿ ಪಕ್ಷೇತರರ ಹೆಸರು ಅಕ್ಷರಮಾಲೆ ಪ್ರಕಾರ ಬರುತ್ತದಲ್ವಾ, ನಾಲ್ವರೂ ಅಕ್ಕಪಕ್ಕ. ಮಂಡ್ಯದ ಜನ ಬುದ್ಧಿವಂತರು, ಹೆಸರು ಬಿಟ್ಟು ಕಹಳೆ ಊದುವ ರೈತನ ಗುರುತು ಹುಡುಕಿ ಗುಂಡಿ ಒತ್ತಿದರು. ಅಂಬರೀಶರ ಸುಮಲತಾ ಗೆದ್ದ ಅಂತರ 1.25 ಲಕ್ಷ ಮತಕ್ಕೂ ಜಾಸ್ತಿ.

ಎಲ್ಲರಿಗೂ ಇಂಥ ಪುಣ್ಯ ಇರಲ್ಲ. 2004ರಲ್ಲಿ ಕೇರಳದ ಆಲಪ್ಪುಳದಲ್ಲಿ ಕಾಂಗ್ರೆಸ್ಸಿನ ವಿ.ಎಂ. ಸುಧೀರನ್ ಸೋತದ್ದು 1,009 ಮತಗಳಿಂದ. ವಿ.ಎಸ್. ಸುಧೀರನ್ ಅನ್ನುವವರಿಗೆ ಬಿದ್ದದ್ದು ಎಂಟು ಸಾವಿರಕ್ಕೂ ಹೆಚ್ಚು. ನಮ್ಮ ಕನ್ನಡದ ಮಂಜೇಶ್ವರದಲ್ಲಿ 2016ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಯ ಕೆ. ಸುರೇಂದ್ರನ್ 89 ಮತಗಳಿಂದ ಸೋತರು. ಕೆ. ಸುಂದರ ಅನ್ನುವವರು 467 ಮತ ಪಡೆದಿದ್ದರು. ಅಲ್ಲಿ ಹೆಸರು ಪೂರ್ತಿ ಹೊಂದಲೂ ಇಲ್ಲ, 'ಸು' ಒಂದೇ ಸಾಕಾಯಿತೇನೋ!

ಆದರೆ ಈ ಕಲೆಯ ನಿಜವಾದ ಪಂಡಿತರನ್ನು ನೋಡಬೇಕಂದರೆ 2024ರ ರಾಮನಾಥಪುರಕ್ಕೆ ಹೋಗಬೇಕು. ತಮಿಳುನಾಡಿನ ಮಾಜಿ ಮುಖ್ಯಮಂತ್ರಿ ಒ. ಪನ್ನೀರ್‌ಸೆಲ್ವಂ ಅಲ್ಲಿ ಪಕ್ಷೇತರ. ಅವರ ಜೊತೆ ಕಣದಲ್ಲಿ ಇನ್ನೂ ಹಲವರು ಒ. ಪನ್ನೀರ್‌ಸೆಲ್ವಂ! ಪನ್ನೀರ್‌ಸೆಲ್ವಂ ಹುಡುಕೋದು ದೊಡ್ಡ ಕೆಲಸ ಅಲ್ಲ ಬಿಡಿ. ಆ 'ಒ' ಇದೆಯಲ್ಲ, ತಮಿಳುನಾಡಲ್ಲಿ ಅದು ಅಪ್ಪನ ಹೆಸರಿನ ಮೊದಲಕ್ಷರ. ಅಂದರೆ ಅಪ್ಪನೂ ಹೊಂದಬೇಕು, ಮಗನೂ ಹೊಂದಬೇಕು. ಹುಡುಗಿ ನೋಡುವಾಗಲೂ ಜಾತಕ ಇಷ್ಟು ಚೆನ್ನಾಗಿ ಕೂಡಿಬರಲ್ಲ. ಮತದಾರರ ಪಟ್ಟಿಯಲ್ಲಿ ಬದುಕಿರುವವರ ಹೆಸರೇ ಸಿಗದ ದೇಶದಲ್ಲಿ ಇದು ಸಣ್ಣ ಸಾಧನೆಯಾ?

ಇದಕ್ಕೆ ಮದ್ದು ಅಂತ ಚುನಾವಣಾ ಆಯೋಗ 2015ರಿಂದ ಮತಯಂತ್ರದ ಮೇಲೆ ಅಭ್ಯರ್ಥಿಯ ಫೋಟೋ ಅಂಟಿಸುತ್ತಿದೆ. ಸ್ಟ್ಯಾಂಪ್ ಗಾತ್ರದ ಫೋಟೋ. ಅದರಲ್ಲಿ ಅಭ್ಯರ್ಥಿಯ ಹೆಂಡತಿಗೇ ಗಂಡನ ಗುರುತು ಹತ್ತಿದರೆ ಹೆಚ್ಚು. ಈ ನಕಲಿ ಹೆಸರಿನ ಆಟ ನಿಲ್ಲಿಸಿ ಅಂತ ಕೇಳಿದವರಿಗೆ 2024ರಲ್ಲಿ ಸುಪ್ರೀಂ ಕೋರ್ಟ್, ಅಪ್ಪ ಅಮ್ಮ ಇಟ್ಟ ಹೆಸರಿಗಾಗಿ ಯಾರನ್ನಾದರೂ ಚುನಾವಣೆಯಿಂದ ತಡೆಯೋಕಾಗುತ್ತಾ ಅಂತ ಕೇಳಿತು. ನ್ಯಾಯವೇ. ತಪ್ಪು ಹೆಸರಿನದ್ದಲ್ಲ. ಲೋಕಸಭೆಗೆ ನಿಲ್ಲೋಕೆ ಕಟ್ಟುವ 25,000 ರೂಪಾಯಿ ಠೇವಣಿ ಯಾರ ಜೇಬಿಂದ ಬಂತು ಅಂತ ಮಾತ್ರ ಯಾರೂ ಕೇಳಲ್ಲ.

ನಿಯಮದಲ್ಲಿ ಇನ್ನೊಂದು ದಾರಿ ಇದೆ. ಇಬ್ಬರ ಹೆಸರು ಒಂದೇ ಆದರೆ ಪಕ್ಕದಲ್ಲಿ ಉದ್ಯೋಗವನ್ನೋ ಊರನ್ನೋ ಸೇರಿಸಿ ಬೇರೆ ಮಾಡಬಹುದು. ಊರು ಬೇಡ, ಉದ್ಯೋಗವನ್ನೇ ಹಾಕಿ. 'ವೃತ್ತಿ: ಹೆಸರು ಬಾಡಿಗೆಗೆ ಕೊಡುವುದು. ಐದು ವರ್ಷಕ್ಕೊಮ್ಮೆ, ಹದಿನೈದು ದಿನ, ಪ್ರಚಾರ ಮಾಡುವ ತೊಂದರೆಯಿಲ್ಲ.'