ಮುಚ್ಚಳ ತೆಗೆಯದ ಟ್ರೇ

ಮಧ್ಯಾಹ್ನದಿಂದ ತಲೆ ಕೆಟ್ಟು ಕೂತಿದ್ದೇನೆ. ಇದನ್ನು ಬರೆದು ಮುಗಿಸದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನನ್ನ ಕೆಲಸ ಏನು ಅಂತ ಇಲ್ಲಿರುವ ಬಹಳಷ್ಟು ಜನಕ್ಕೆ ಗೊತ್ತು. ಹೊಸಬರಿಗೆ ಒಂದೇ ಮಾತು. ಆಸ್ಪತ್ರೆಯಲ್ಲಿ ಡಯಟ್ ವಿಭಾಗ ನೋಡಿಕೊಳ್ಳುವವಳು ಅಂದರೆ ತೂಕ ಇಳಿಸೋ ಚಾರ್ಟ್ ಹಂಚುವವಳು ಅಲ್ಲ. ಇನ್‌ಬಾಕ್ಸಿಗೆ ಬಂದು ಹೊಟ್ಟೆ ಕರಗಿಸೋದು ಹೇಗೆ ಅಂತ ಕೇಳಬೇಡಿ, ದಮ್ಮಯ್ಯ.

ಎರಡು ಗಂಟೆ ಸುಮಾರಿಗೆ ವಾರ್ಡಿನಿಂದ ವಾಪಸ್ ಬಂದ ಟ್ರಾಲಿ ಹತ್ತಿರ ನಿಂತಿದ್ದೆ. ಪಾತ್ರೆ ತೊಳೆಯುವ ಜಾಗದಲ್ಲಿ ನನ್ನನ್ನು ನೋಡಿದರೆ ಅಲ್ಲಿನ ಹುಡುಗರಿಗೆ ನಗು. ಮೇಡಂಗೆ ಬೇರೆ ಕೆಲಸ ಇಲ್ವಾ ಅಂತ. ಒಂದು ಟ್ರೇ ಹೋದ ಹಾಗೇ ವಾಪಸ್ ಬಂದಿತ್ತು. ಚಮಚ ಇನ್ನೂ ಕಾಗದದ ಚೀಲದೊಳಗೇ ಇತ್ತು. ಮುಚ್ಚಳ ಎತ್ತಿದರೆ ಅದರ ಒಳಗಡೆ ಆವಿ ನೀರಾಗಿ ಹನಿಹನಿಯಾಗಿ ನಿಂತಿತ್ತು. ಅಂದರೆ ಬಿಸಿ ಇದ್ದಾಗ ಹೋಗಿ, ಪೂರ್ತಿ ತಣ್ಣಗಾಗುವವರೆಗೂ ಅದನ್ನು ಯಾರೂ ಮುಟ್ಟಿಲ್ಲ. ಸ್ಲಿಪ್ ನೋಡಿದೆ. ಮೆತ್ತನೆ ಆಹಾರ, ಪ್ರೋಟೀನ್ ಜಾಸ್ತಿ. ಬರೆದುಕೊಟ್ಟವಳು ನಾನೇ.

ಸೀದಾ ವಾರ್ಡಿಗೆ ಹೋಗಿ ಕೇಸ್ ಶೀಟ್ ತೆಗೆದೆ. 'ಮಧ್ಯಾಹ್ನದ ಊಟ: ತೆಗೆದುಕೊಂಡಿದ್ದಾರೆ.' ಪಕ್ಕದಲ್ಲಿ ಹಸಿರು ಇಂಕಿನ ಚಂದದ ಟಿಕ್. ನಿನ್ನೆ ರಾತ್ರಿಗೂ ಟಿಕ್. ಮೊನ್ನೆಗೂ ಟಿಕ್. ನಮ್ಮ ಕಾಗದದ ಪ್ರಕಾರ ಆ ಅಜ್ಜ ನೆಂಟರ ಮನೆಗೆ ಬಂದವರ ಹಾಗೆ ಮೂರು ಹೊತ್ತೂ ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ.

ಅಜ್ಜ ಅಂಗಾತ ಮಲಗಿದ್ದರು. ಬಲಗೈಗೆ ಸೂಜಿ ಹಾಕಿ ಪಟ್ಟಿ ಸುತ್ತಿದೆ. ಊಟದ ಟೇಬಲ್ ಇರುವುದು ಕಾಲಿನ ಕಡೆ, ಗೋಡೆಗೆ ತಾಗಿಕೊಂಡು. ಹಲ್ಲಿನ ಸೆಟ್ಟು ಪಕ್ಕದ ಡ್ರಾಯರ್‌ನಲ್ಲಿ, ಮುಚ್ಚಿದ ಡಬ್ಬಿಯಲ್ಲಿದೆ.

"ಯಾಕಜ್ಜಾ, ಊಟ ಬೇಡ ಅನ್ನಿಸ್ತಾ?" ಅಂತ ಕೇಳಿದೆ.

"ಬಂದಿತ್ತಾ ತಾಯಿ?" ಅಂದರು.

ಬಂದಿತ್ತಾ! ಊಟ ಬಂದದ್ದೂ ಹೋದದ್ದೂ ಅವರಿಗೆ ಗೊತ್ತೇ ಇಲ್ಲ.

ಇವತ್ತೇ ಬೆಳಗ್ಗೆ ಹನ್ನೊಂದಕ್ಕೆ ನಮ್ಮ ವಿಭಾಗದ ಮೀಟಿಂಗ್ ಇತ್ತು ಅನ್ನೋದು ಇದರಲ್ಲಿ ತಮಾಷೆ. ಸ್ಲೈಡ್ ತುಂಬಾ ಹಸಿರು. ರೋಗಿ ಸೊರಗಿದ್ದಾರಾ ಅಂತ ದಾಖಲಾದ 24 ಗಂಟೆಯೊಳಗೆ ನೋಡುವ ಸ್ಕ್ರೀನಿಂಗ್, ಹಸಿರು. ಟ್ರೇ ಸಮಯಕ್ಕೆ ಸರಿಯಾಗಿ ವಾರ್ಡ್ ತಲುಪಿದೆ, ಹಸಿರು. ಊಟದ ಬಿಸಿ, ಹಸಿರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಗಮನಿಸಿ, ಆ ಸ್ಲೈಡಿನಲ್ಲಿ ಊಟ ವಾರ್ಡಿನ ಬಾಗಿಲವರೆಗೆ ಮಾತ್ರ ಇದೆ. ಬಾಗಿಲಿಂದ ಬಾಯಿಯವರೆಗೆ ಇರುವ ಆ ಇಪ್ಪತ್ತು ಅಡಿ ಯಾರ ಲೆಕ್ಕದಲ್ಲೂ ಇಲ್ಲ. ಅಡುಗೆಮನೆಯವರು ಹೋದ ಟ್ರೇ ಎಣಿಸುತ್ತಾರೆ, ಅದಕ್ಕೆ ಬಿಲ್ ಇದೆ. ವಾಪಸ್ ಬಂದದ್ದಕ್ಕೆ ಬಕೆಟ್ ಇದೆ, ಅಷ್ಟೇ.

ಇದು ಹೊಸ ವಿಷಯವೂ ಅಲ್ಲ. 1974ರಲ್ಲೇ ಚಾರ್ಲ್ಸ್ ಬಟರ್‌ವರ್ತ್ ಅನ್ನುವ ಅಮೆರಿಕದ ಡಾಕ್ಟರ್ ಇದನ್ನು ಕೂಗಿ ಹೇಳಿದ್ದರು. ಆಸ್ಪತ್ರೆಗೆ ಬಂದ ರೋಗಿಗಳು ಆಸ್ಪತ್ರೆಯಲ್ಲೇ ಸೊರಗುತ್ತಿದ್ದಾರೆ, ಅವರ ಎತ್ತರ, ತೂಕ ಕೂಡ ಎಷ್ಟೋ ಸಲ ಬರೆದಿರುವುದಿಲ್ಲ ಅಂತ. ಐವತ್ತು ವರ್ಷ ಆಯಿತು. ಈಗ ಬರೆಯುತ್ತೇವೆ, ಹೌದು. ನೋಡದೇ ಬರೆಯುತ್ತೇವೆ.

2006ರಲ್ಲಿ ಯುರೋಪಿನ ನೂರಾರು ಆಸ್ಪತ್ರೆಗಳಲ್ಲಿ ಒಂದೇ ದಿನ ಒಂದು ಸಮೀಕ್ಷೆ ನಡೆಯಿತು. ನ್ಯೂಟ್ರಿಷನ್‌ಡೇ ಅಂತ ಹೆಸರು. ನಮ್ಮವರು ಮಾಡದ ಕೆಲಸವನ್ನೇ ಅವರು ಮಾಡಿದ್ದು, ಯಾರ ತಟ್ಟೆಯಲ್ಲಿ ಎಷ್ಟು ಖಾಲಿಯಾಯಿತು ಅಂತ ನೋಡಿದರು. 16,000ಕ್ಕೂ ಹೆಚ್ಚು ರೋಗಿಗಳು. ಅರ್ಧಕ್ಕಿಂತ ಹೆಚ್ಚು ಜನ ಕೊಟ್ಟ ಊಟ ಪೂರ್ತಿ ಮಾಡಿರಲಿಲ್ಲ. ಕಾಲು ಭಾಗ ತಿಂದವರು, ಏನೂ ತಿನ್ನದವರು ಮುಂದಿನ 30 ದಿನಗಳಲ್ಲಿ ಸಾಯುವುದು ಜಾಸ್ತಿ ಇತ್ತು. ಇದು ರಕ್ತ ಪರೀಕ್ಷೆ, ಸ್ಕ್ಯಾನ್ ಏನೂ ಅಲ್ಲ. ಬರೀ ತಟ್ಟೆ ನೋಡಿದ್ದು!

ಈಗ ಕಾಮೆಂಟಿನಲ್ಲಿ ಒಬ್ಬರು ಬಂದೇ ಬರುತ್ತಾರೆ. 'ಮೇಡಂ, ಕಾಯಿಲೆ ಬಂದಾಗ ಹಸಿವು ಹೋಗೋದು ಸಹಜ, ಕಾಯಿಲೆ ಜೋರಾಗಿದ್ದವರು ತಿನ್ನಲ್ಲ, ಅವರೇ ಸಾಯೋದು, ಊಟದ್ದೇನು ತಪ್ಪು?' ಅಂತ. ಒಳ್ಳೆ ಪ್ರಶ್ನೆ. ಆ ಸಮೀಕ್ಷೆಯೊಂದನ್ನೇ ಹಿಡಿದು ಉತ್ತರ ಹೇಳುವುದಕ್ಕೆ ಆಗಲ್ಲ, ಒಪ್ಪುತ್ತೇನೆ. ಆದರೆ ಸ್ವಿಟ್ಜರ್‌ಲೆಂಡಿನ ಎಂಟು ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದರು. 2019ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನ ಆಸ್ಪತ್ರೆ ಊಟ. ಇನ್ನೊಂದಕ್ಕೆ ಡಯಟೀಷಿಯನ್ ಕೂತು ಇವರಿಗೆ ಇಷ್ಟು ಶಕ್ತಿ, ಇಷ್ಟು ಪ್ರೋಟೀನ್ ಬೇಕು ಅಂತ ಲೆಕ್ಕ ಹಾಕಿ, ಅದು ಒಳಗೆ ಹೋಗುವ ಹಾಗೆ ನೋಡಿಕೊಂಡರು. 30 ದಿನಗಳಲ್ಲಿ ಮೊದಲ ಗುಂಪಿನಲ್ಲಿ ನೂರಕ್ಕೆ 10 ಜನ ತೀರಿಕೊಂಡರೆ ಎರಡನೆಯದರಲ್ಲಿ 7. ಆ ಮೂರು ಜನ ಯಾರದ್ದೋ ಮನೆಯ ಅಜ್ಜ ಅಲ್ವಾ? ಊಟದ್ದೇನು ತಪ್ಪು ಅಂತೆ.

ಇನ್ನೊಂದು ವಾದ, ಸ್ಟಾಫ್ ಕಡಿಮೆ. ಇದನ್ನು ಹಾಗೇ ತಳ್ಳಿಹಾಕಲು ನನಗೆ ಮನಸ್ಸು ಬರಲ್ಲ. ಒಬ್ಬ ಸಿಸ್ಟರ್ ಎಷ್ಟು ಹಾಸಿಗೆ ಅಂತ ಓಡಾಡ್ತಾರೆ ಅನ್ನೋದನ್ನ ದಿನಾ ನೋಡುತ್ತೇನೆ. ಅವರ ಕಾಲು ನೋವು ನನಗೆ ಗೊತ್ತು. ಆದರೆ ಕ್ಷಮಿಸಿ, ಸುಳ್ಳು ಟಿಕ್ ಹಾಕುವುದಕ್ಕೂ ನಿಜ ಬರೆಯುವುದಕ್ಕೂ ಹಿಡಿಯುವ ಸಮಯ ಒಂದೇ. ಬಿಪಿ ನೋಡದೆ 120/80 ಅಂತ ಬರೆದರೆ ಕೆಲಸ ಹೋಗುತ್ತೆ. ಊಟ ನೋಡದೆ 'ತೆಗೆದುಕೊಂಡಿದ್ದಾರೆ' ಅಂತ ಬರೆದರೆ ಸ್ಲೈಡ್ ಹಸಿರಾಗುತ್ತೆ.

ತಿನ್ನದವರ ಕಥೆ ಇದಾದರೆ, ನಾವೇ ತಿನ್ನಬೇಡಿ ಅಂದವರ ಕಥೆ ಇನ್ನೊಂದು. ರಾತ್ರಿ ಹನ್ನೆರಡರಿಂದ ಎನ್‌ಪಿಒ ಅಂತ ಹಾಸಿಗೆಗೆ ಬೋರ್ಡ್ ನೇತುಹಾಕುತ್ತಾರೆ. ಬಾಯಿಗೆ ಏನೂ ಇಲ್ಲ. ಬೆಳಗ್ಗೆ ಎಂಟಕ್ಕೆ ಆಪರೇಷನ್ ಅಂತಾರೆ. ಎಂಟು ಹೋಗಿ ಹನ್ನೊಂದಾಯಿತು, ಹನ್ನೊಂದು ಹೋಗಿ ಮೂರಾಯಿತು, ಸಂಜೆ ನಾಲ್ಕಕ್ಕೆ 'ಇವತ್ತಿಲ್ಲ, ನಾಳೆ' ಅಂತಾರೆ. ರಾತ್ರಿ ಮತ್ತೆ ಅದೇ ಬೋರ್ಡ್. ಸಾಮಾನ್ಯವಾಗಿ ಲಘು ಊಟ ಆಪರೇಷನ್ನಿಗೆ 6 ಗಂಟೆ ಮೊದಲಿನವರೆಗೆ, ನೀರಿನಂಥ ತಿಳಿಯಾದ ಪಾನೀಯ 2 ಗಂಟೆ ಮೊದಲಿನವರೆಗೆ ಕೊಡಬಹುದು ಅಂತ ಅರಿವಳಿಕೆ ತಜ್ಞರ ಮಾರ್ಗಸೂಚಿಗಳೇ ಹೇಳಿ ಇಪ್ಪತ್ತು ವರ್ಷದ ಮೇಲಾಯಿತು. ಹೊಟ್ಟೆ ಖಾಲಿಯಾಗುವುದು ನಿಧಾನ ಇರುವವರಿಗೆ ಬೇರೆ ಲೆಕ್ಕ, ಅದನ್ನು ಡಾಕ್ಟರೇ ಹೇಳುತ್ತಾರೆ. ಆದರೆ ಇಡೀ ವಾರ್ಡಿಗೆ ಒಂದೇ ಬೋರ್ಡ್ ಯಾಕೆ? ಸುಮ್ನೆ. ರೂಢಿ. ತಪ್ಪಿದ ಆ ಊಟಗಳನ್ನೂ ಯಾರೂ ಎಣಿಸುವುದಿಲ್ಲ.

ಇಷ್ಟೆಲ್ಲ ಕೂಗಾಡುವ ನಾನೇನು ಸಾಚಾ ಅಲ್ಲ. ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಅರ್ಧ ಗಂಟೆ ಯೋಚಿಸಿದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಎರಡು ವಾರದಿಂದ ಸರಿಯಾಗಿ ಏನೂ ತಿಂದಿರದ ಹೆಂಗಸೊಬ್ಬರು ದಾಖಲಾದರು. ನುಂಗಲು ಆಗುತ್ತಿರಲಿಲ್ಲ, ಮೂಗಿನಿಂದ ಟ್ಯೂಬ್ ಹಾಕಿದರು. ಟ್ಯೂಬಿನಲ್ಲಿ ಕೊಡುವ ದ್ರವ ಆಹಾರ, ಅಂದರೆ ಫೀಡ್, ಎಷ್ಟು ಅಂತ ಲೆಕ್ಕ ಹಾಕೋದು ನನ್ನ ಕೆಲಸ. ತೂಕದ ಮಿಷನ್ ಬೇರೆ ಮಹಡಿಯಲ್ಲಿತ್ತು, ತರಿಸಲು ಸೋಮಾರಿತನ. 'ಎಷ್ಟಿದ್ದೀರಮ್ಮಾ?' ಅಂತ ಕೇಳಿದೆ. 58 ಅಂದರು. ಬರೆದೆ. ಕೆಜಿ ತೂಕಕ್ಕೆ ದಿನಕ್ಕೆ 30 ಕ್ಯಾಲೊರಿ, ಒಟ್ಟು 1,740. ಮೊದಲ ದಿನವೇ ಪೂರ್ತಿ ಫೀಡ್. ಎಷ್ಟು ಸಲೀಸು!

ಮೂರನೇ ದಿನ ಅವರ ರಕ್ತದಲ್ಲಿ ಫಾಸ್ಫೇಟ್ ಕುಸಿಯಿತು, ಪೊಟ್ಯಾಸಿಯಂ ಕೂಡ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಸುರಿದರೆ ಇನ್ಸುಲಿನ್ ಏರಿ, ಈ ಲವಣಗಳೆಲ್ಲ ರಕ್ತದಿಂದ ಜೀವಕೋಶದೊಳಕ್ಕೆ ನುಗ್ಗುತ್ತವೆ. ಹೃದಯದ ಬಡಿತವೇ ತಪ್ಪಬಹುದು. ರೀಫೀಡಿಂಗ್ ಅಂತಾರೆ. ಎರಡನೇ ಮಹಾಯುದ್ಧ ಮುಗಿದು ಬಿಡುಗಡೆಯಾದ, ಹಸಿವಿನಿಂದ ಬಳಲಿದ್ದ ಕೈದಿಗಳಲ್ಲೇ ಇದನ್ನು ಕಂಡಿದ್ದರು. ನಾನು ಪರೀಕ್ಷೆಯಲ್ಲಿ ಇದೇ ಉತ್ತರ ಬರೆದು ಪಾಸಾದವಳು. ಆಮೇಲೆ ತೂಗಿ ನೋಡಿದರೆ 46. ಅಂಥವರಿಗೆ ಕೆಜಿಗೆ 10 ಕ್ಯಾಲೊರಿ ಮೀರದೆ ಶುರುಮಾಡಿ, ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ಲವಣ ನೋಡಿಕೊಂಡು ಮೆಲ್ಲಗೆ ಏರಿಸಬೇಕು. 460. ನಾನು ಕೊಟ್ಟದ್ದು 1,740. ಐಸಿಯು ಡಾಕ್ಟರು ಸಮಯಕ್ಕೆ ಹಿಡಿದರು, ಆ ಹೆಂಗಸು ಉಳಿದುಕೊಂಡರು. ಮನೆಗೆ ಹೋಗುವಾಗ ನನ್ನ ಕೈ ಹಿಡಿದು 'ಚೆನ್ನಾಗಿ ನೋಡ್ಕೊಂಡೆ ಕಣಮ್ಮಾ' ಅಂದರು. ಆ ಮಾತು ಈಗಲೂ ಮುಳ್ಳಿನ ಹಾಗೆ ಚುಚ್ಚುತ್ತೆ.

ಹಾಗಾಗಿ ಆ ಹಸಿರು ಟಿಕ್ ಹಾಕಿದ ಹುಡುಗಿಯ ಮೇಲೆ ರೇಗಲು ನನಗೆ ಬಾಯಿ ಬರಲಿಲ್ಲ. ಕರೆದು ಕೂರಿಸಿ ಕೇಳಿದೆ. "ಮೇಡಂ, ಖಾಲಿ ಬಿಟ್ಟರೆ ಇನ್‌ಚಾರ್ಜ್ ಬೈತಾರೆ" ಅಂದಳು. ತಿಂದಿಲ್ಲ ಅಂತ ಬರೆದರೆ? "ಹಾಗೆ ಬರೆಯಕ್ಕೆ ಕಾಲಂ ಇಲ್ವಲ್ಲ ಮೇಡಂ."

ಹೌದು, ಇಲ್ಲ. ಶೀಟ್ ತೆಗೆದು ನೋಡಿದೆ. ನಿಜವಾಗಿಯೂ ಇಲ್ಲ. ಆ ಶೀಟ್ ಮಾಡಿದ ಸಮಿತಿಯಲ್ಲಿ ನನ್ನ ಸಹಿಯೂ ಇದೆ!

ಸಂಜೆ ಕೂತು ಹೊಸ ಶೀಟ್ ಮಾಡಿದೆ. ಗುರುತು ಹಾಕಲು ನಾಲ್ಕು ವೃತ್ತ ಅಷ್ಟೇ. ಪೂರ್ತಿ, ಅರ್ಧ, ಕಾಲು, ಏನೂ ಇಲ್ಲ. ಟ್ರೇ ಎತ್ತುವ ಅಟೆಂಡರ್ ಮುಚ್ಚಳ ತೆಗೆದು ನೋಡಿ ಒಂದಕ್ಕೆ ಗುರುತು ಹಾಕಬೇಕು, ಆಮೇಲೆ ಟ್ರಾಲಿಗೆ ಇಡಬೇಕು. ಎರಡು ಸಲ 'ಏನೂ ಇಲ್ಲ' ಬಂದರೆ ನನಗೆ ಫೋನ್. ಕ್ವಾಲಿಟಿಯವರಿಗೆ ಕಳಿಸಿದೆ. 'ಮುಂದಿನ ತ್ರೈಮಾಸಿಕ ಸಭೆಯಲ್ಲಿ ಚರ್ಚಿಸೋಣ' ಅಂತ ಉತ್ತರ ಬಂತು, ಜೊತೆಗೆ ಕೈಮುಗಿಯುವ ಎಮೋಜಿ. ನಾನು ನಾಳೆಯಿಂದಲೇ ಒಂದು ವಾರ್ಡಿನಲ್ಲಿ ಶುರುಮಾಡುತ್ತಿದ್ದೇನೆ, ಆಗಿದ್ದಾಗಲಿ.

ಅಜ್ಜನ ಊಟ ಮತ್ತೆ ತರಿಸಿದೆವು. ಹಾಸಿಗೆಯ ತಲೆಭಾಗ ಎತ್ತಿ, ಹಲ್ಲು ಹಾಕಿಸಿ, ಟೇಬಲ್ ಎಳೆದು ಎದೆ ಹತ್ತಿರ ಇಟ್ಟೆ. ಎಡಗೈಯಲ್ಲಿ ಚಮಚ ಹಿಡಿದು ಮುಕ್ಕಾಲು ತಟ್ಟೆ ಮುಗಿಸಿದರು. ನನ್ನ ಶೀಟಿನಲ್ಲಿ ಮುಕ್ಕಾಲಿಗೆ ವೃತ್ತ ಇಲ್ಲ ಅಂತ ಈಗ ಬರೆಯುವಾಗ ಹೊಳೀತಾ ಇದೆ.

ಬೆಳಗ್ಗೆ ಅವರ ತೂಕ ನೋಡಬೇಕು, ಕೇಸ್ ಶೀಟಿನಲ್ಲಿರುವ ತೂಕದ ಮೇಲೆ ನನಗೆ ನಂಬಿಕೆ ಇಲ್ಲ. ಕೂತು ತೂಗುವ ಮಿಷನ್ ಮೂರನೇ ಮಹಡಿಯ ಸ್ಟೋರ್ ರೂಮಿನಲ್ಲಿದೆಯಂತೆ. ಬೀಗದ ಕೈ ಯಾರ ಹತ್ತಿರ ಇದೆ ಅಂತ ನಾಲ್ಕು ಜನಕ್ಕೆ ಫೋನ್ ಮಾಡಿದೆ, ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದಾರೆ.